ಗೊಂಜೋ ಅಂದ್ರೆ ಏನು? ಆ ಸಿನಿಮಾ ಯಾಕೆ ಹಾಗೆ ಮುಗಿಯುತ್ತದೆ?

'ಫಿಯರ್ ಅಂಡ್ ಲೋಥಿಂಗ್ ಇನ್ ಲಾಸ್ ವೇಗಸ್' (1998) ನೋಡಿದವರಲ್ಲಿ ಸುಮಾರು ಜನರಿಗೆ ಒಂದೇ ತಕರಾರು. ಕಥೆ ಎಲ್ಲಿಗೂ ಮುಟ್ಟಲಿಲ್ಲ, ಜಾನಿ ಡೆಪ್ ಸುಮ್ನೆ ಕಾರು ಹತ್ತಿ ಹೊರಟುಬಿಟ್ಟ! 'ಗೊಂಜೋ' ಅನ್ನುವ ಪದ ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ.

ಡೆಪ್ ಮಾಡಿದ ರೌಲ್ ಡ್ಯೂಕ್ ಪಾತ್ರ ಅಸಲಿಗೆ ಅಮೆರಿಕದ ಪತ್ರಕರ್ತ ಹಂಟರ್ ಎಸ್. ಥಾಂಪ್ಸನ್. 1970ರಲ್ಲಿ ಕೆಂಟಕಿ ಡರ್ಬಿ ಕುದುರೆ ರೇಸಿನ ವರದಿಗೆ ಹೋದವನು ಕುದುರೆಗಳನ್ನು ಬಿಟ್ಟು, ಅಲ್ಲಿ ಕುಡಿದು ತೂರಾಡುತ್ತಿದ್ದ ಜನರ ಬಗ್ಗೆ ಬರೆದ. ಅದನ್ನು ಓದಿದ ಪತ್ರಕರ್ತ ಬಿಲ್ ಕಾರ್ಡೋಸೊ 'ಇದು ಅಪ್ಪಟ ಗೊಂಜೋ' ಅಂದ, ಹೆಸರು ಅಂಟಿಕೊಂಡಿತು. ಮರುವರ್ಷ ವೇಗಸ್‌ನ ಬೈಕ್ ರೇಸಿಗೆ ಹೋದಾಗಲೂ ಇದೇ ಕಥೆ. ಕಳಿಸಿದ ಪತ್ರಿಕೆ ಬೇಡ ಅಂದಿತು, 'ರೋಲಿಂಗ್ ಸ್ಟೋನ್' ಪತ್ರಿಕೆ ಅಚ್ಚು ಹಾಕಿತು. ಆ ಬರಹವೇ ಆಮೇಲೆ ಈ ಸಿನಿಮಾ ಆಯಿತು.

ನಮ್ಮ ಪೇಪರ್‌ಗಳಲ್ಲಿ 'ಎನ್ನಲಾಗಿದೆ', 'ತಿಳಿದುಬಂದಿದೆ' ಅಂತ ಬರುತ್ತದಲ್ವಾ? ಅಂದವರು ಯಾರು, ತಿಳಿದಿದ್ದು ಯಾರಿಗೆ? ವರದಿಗಾರ ಪತ್ತೆಯೇ ಇರುವುದಿಲ್ಲ. ಗೊಂಜೋ ಇದಕ್ಕೆ ಪೂರಾ ಉಲ್ಟಾ. ಬರೆಯುವವನು ತನ್ನ ನಶೆ, ಭಯ, ಉಡಾಫೆ ಎಲ್ಲದರ ಸಮೇತ ವರದಿಯ ನಟ್ಟನಡುವೆ ಕೂತಿರುತ್ತಾನೆ. (ಬರೀ 'ನಾನು, ನಾನು' ಅಂದರೆ ಸಾಲದು. ಹಾಗಿದ್ದರೆ ಫೇಸ್‌ಬುಕ್ ತುಂಬಾ ಗೊಂಜೋನೇ!)

ಈಗ ಸಿನಿಮಾದ ಕೊನೆಯ ಭಾಗ. ನೀರು ತುಂಬಿ ಹಾಳಾದ ಹೋಟೆಲ್ ರೂಮಿನಲ್ಲಿ ಡ್ಯೂಕ್‌ಗೆ ಎಚ್ಚರವಾಗುತ್ತದೆ. ಏನಾಯಿತೆಂದು ಅವನಿಗೇ ನೆನಪಿಲ್ಲ, ಟೇಪ್ ರೆಕಾರ್ಡರ್ ಹಾಕಿ ಕೇಳಿಕೊಂಡು ತುಂಡು ತುಂಡಾಗಿ ಜೋಡಿಸುತ್ತಾನೆ. ಅಂದರೆ ವರದಿಗೆಂದು ಬಂದವನು ತನ್ನದೇ ವರದಿ ಮಾಡುತ್ತಿದ್ದಾನೆ. ತಿಂಡಿ ಹೋಟೆಲಿನ ದೃಶ್ಯವೂ ಈ ಕೊನೆಯ ಹೊತ್ತಿನಲ್ಲೇ ಬರುತ್ತದೆ. ಜೊತೆಗಿದ್ದ ವಕೀಲ, ತಿಂಡಿ ಕೊಡುವ ಹೆಂಗಸಿಗೆ ಚಾಕು ತೋರಿಸಿ ಹೆದರಿಸುತ್ತಾನೆ, ಡ್ಯೂಕ್ ಬಾಯಿ ಮುಚ್ಚಿಕೊಂಡು ಕೂತಿರುತ್ತಾನೆ. ಅಲ್ಲಿಯವರೆಗೆ ಬಿದ್ದು ಬಿದ್ದು ನಕ್ಕ ನಮಗೂ ಮುಜುಗರವಾಗುತ್ತದೆ. ನನ್ನ ಮಟ್ಟಿಗೆ ಸಿನಿಮಾ ಮುಗಿಯುವುದೇ ಇಲ್ಲಿ. ಆಮೇಲೆ ವಕೀಲನನ್ನು ವಿಮಾನ ಹತ್ತಿಸಿ ಲಾಸ್ ಏಂಜಲೀಸ್ ಕಡೆ ಹೊರಡುವುದು ಬರೀ ವಾಪಸ್ ದಾರಿ. ಶಿಕ್ಷೆ ಇಲ್ಲದೆ ಪಾರಾದ ಅನ್ನುವವರಿದ್ದಾರೆ, ನಿಜವೇ. ಆದರೆ ಆ ಮೌನವನ್ನು ಮುಚ್ಚಿಡದೆ ಬರೆದವನೂ ಅವನೇ.

ಡರ್ಬಿ ವರದಿಯಲ್ಲೂ ಹೀಗೇ ಆಗುತ್ತದೆ. ಆ ಗುಂಪಿನ ಕೊಳಕೆಲ್ಲ ಒಟ್ಟಿಗೆ ಕಾಣುವಂಥ ಒಂದು ಮುಖ ಬೇಕೆಂದು ಥಾಂಪ್ಸನ್, ಚಿತ್ರಕಾರ ರಾಲ್ಫ್ ಸ್ಟೆಡ್‌ಮನ್ ಜೊತೆ ಹುಡುಕುತ್ತಾ ಅಲೆಯುತ್ತಾನೆ. ಕೊನೆಗೆ ಅದು ಸಿಕ್ಕಿದ್ದು ಕನ್ನಡಿಯಲ್ಲಿ.