ಸಿಡಿ ಎಲ್ಲ್ಯದ ಅಂತ ಹುಡುಕಬೇಡಿ

ಮೇ ತಿಂಗಳ ಮಧ್ಯಾಹ್ನ. ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ. ಆ ಹೊತ್ತಿಗೆ ಸೂಪರ್ ಮಾರ್ಕೆಟ್ ಕಡೆ ಅರ್ಧ ಅಂಗಡಿಗಳು ಶಟರ್ ಎಳೆದುಕೊಂಡಿರುತ್ತವೆ. ಜೇವರ್ಗಿ ಕಡೆಯ ಮಾಸ್ತರರೊಬ್ಬರು ಲ್ಯಾಪ್‌ಟಾಪನ್ನು ಟವೆಲ್‌ನಲ್ಲಿ ಸುತ್ತಿಕೊಂಡು ನನ್ನ ರಿಪೇರಿ ಅಂಗಡಿಗೆ ಬಂದರು. ನೀರು ಕುಡಿದು, ಏನೋ ತಪ್ಪು ಮಾಡಿದವರ ಥರ ಶುರು ಮಾಡಿದರು: "ಮನ್ಯಾಗ ಎಲ್ಲಾ ಹುಡುಕಿನ್ರಿ, ಇದರ ಸಿಡಿ ಸಿಗಲಿಲ್ಲ. ಈಗ ವಿಂಡೋಸ್ ಹಾಕ್ಲಿಕ್ಕೆ ಬರಲ್ಲೇನ್ರಿ?"

ನಾನು ಲ್ಯಾಪ್‌ಟಾಪಿನ ಎರಡೂ ಬದಿ ತೋರಿಸಿದೆ. "ಸರ್, ಇದಕ್ಕ ಸಿಡಿ ಹಾಕೋ ಜಾಗನೇ ಇಲ್ಲಲ್ರಿ."

ಅವರು ನಕ್ಕರು. ಆದರೆ ಈ ಸಿಡಿ ಚಿಂತೆ ಅವರೊಬ್ಬರದ್ದಲ್ಲ. ಸಿಡಿ ಕಳೆದರೆ ವಿಂಡೋಸ್ ಕೂಡ ಕಳೆಯಿತು ಅಂತ ಬಹಳ ಜನ ತಿಳಿದಿದ್ದಾರೆ. ನೀವು ದುಡ್ಡು ಕೊಟ್ಟು ಕೊಂಡದ್ದು ಸಿಡಿಯನ್ನಲ್ಲ, ಲೈಸೆನ್ಸ್ ಅನ್ನು, ಅಂದರೆ ವಿಂಡೋಸ್ ಬಳಸುವ ಹಕ್ಕನ್ನು. ಸಿಡಿ ಬರೀ ಚೀಲ, ಅಕ್ಕಿ ಬೇರೆ.

ಆ ಲೈಸೆನ್ಸ್ ಎಲ್ಲಿರುತ್ತದೆ ಅನ್ನುವುದು ಯಂತ್ರ ಯಾವ ಕಾಲದ್ದು ಅನ್ನುವುದರ ಮೇಲೆ. ವಿಂಡೋಸ್ 7ರ ಕಾಲದಲ್ಲಿ ಲ್ಯಾಪ್‌ಟಾಪಿನ ಹೊಟ್ಟೆಗೆ ಒಂದು ಸ್ಟಿಕರ್ ಅಂಟಿಸಿರುತ್ತಿದ್ದರು. ಅದರ ಮೇಲೆ 25 ಅಕ್ಷರದ ಕೀ, ಲೈಸೆನ್ಸ್ ನಂಬರ್ ಇದ್ದಂತೆ. ತೊಡೆ ಮೇಲೆ ಇಟ್ಟು ಇಟ್ಟು ಅಕ್ಷರ ಅಳಿಸಿಹೋಗಿ, ಟಾರ್ಚ್ ಹಿಡಿದು ಎಂಟೋ ಬಿಯೋ ಅಂತ ತಲೆ ಕೆರೆದುಕೊಂಡದ್ದು ಈಗಲೂ ನೆನಪಿದೆ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಈ ಕಾಟ ತಪ್ಪಿತು. ವಿಂಡೋಸ್ ಸಮೇತ ಬರುವ ಲ್ಯಾಪ್‌ಟಾಪುಗಳಲ್ಲಿ ಕಂಪನಿಯವರೇ ಕೀಯನ್ನು ಮದರ್‌ಬೋರ್ಡಿನ, ಅಂದರೆ ಒಳಗಿನ ಮುಖ್ಯ ಬೋರ್ಡಿನ, ಚಿಪ್‌ನೊಳಗೆ ಬರೆದು ಕಳಿಸುತ್ತಾರೆ. ವಿಂಡೋಸ್ ಹಾಕುವಾಗ ಅದು ತಾನೇ ಓದಿಕೊಳ್ಳುತ್ತದೆ. 2015ರಲ್ಲಿ ವಿಂಡೋಸ್ 10ರ ಜೊತೆ ಡಿಜಿಟಲ್ ಲೈಸೆನ್ಸ್ ಬಂತು. ಒಮ್ಮೆ ಆಕ್ಟಿವೇಟ್ ಆದ, ಅಂದರೆ ಲೈಸೆನ್ಸ್ ಅಸಲಿ ಅಂತ ಒಪ್ಪಿಗೆ ಸಿಕ್ಕ, ಯಂತ್ರದ ಗುರುತು ಮೈಕ್ರೋಸಾಫ್ಟ್‌ನ ಸರ್ವರಿನಲ್ಲಿ ಉಳಿದಿರುತ್ತದೆ. ಅದೇ ಯಂತ್ರಕ್ಕೆ ಅದೇ ಎಡಿಷನ್ (ಹೋಮ್ ಇದ್ದರೆ ಹೋಮ್, ಪ್ರೋ ಇದ್ದರೆ ಪ್ರೋ) ಮತ್ತೆ ಹಾಕಿ ನೆಟ್ ಕೊಟ್ಟರೆ ಸಾಕು, ತಾನೇ ಆಕ್ಟಿವೇಟ್ ಆಗುತ್ತದೆ. ಮದರ್‌ಬೋರ್ಡೇ ಬದಲಾದರೆ ಮಾತ್ರ ತಕರಾರು ಶುರು.

ಮಾಸ್ತರರ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕ್ ಸಾಯುತ್ತಾ ಬಂದಿತ್ತು. ಕಿವಿ ಹಚ್ಚಿದರೆ ಟಿಕ್ ಟಿಕ್ ಸದ್ದು. ಅದು ಚೆನ್ನಾಗಿದ್ದಿದ್ದರೆ ಪೆನ್‌ಡ್ರೈವ್ ಕೂಡ ಬೇಕಿರಲಿಲ್ಲ. ಕಂಪನಿಯವರು ಡಿಸ್ಕಿನ ಒಂದು ಮೂಲೆಯಲ್ಲಿ ರಿಕವರಿ ಅಂತ ಜಾಗ ಬಿಟ್ಟಿರುತ್ತಾರೆ. ವಿಂಡೋಸ್ ಒಳಗೂ 'ರೀಸೆಟ್ ದಿಸ್ ಪಿಸಿ' ಅಂತ ಇದೆ. ವಿಂಡೋಸ್ ಸ್ಲೋ ಆಗಿದೆ, ವೈರಸ್ ಬಂದಿದೆ ಅನ್ನುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ನನ್ನ ಅಂಗಡಿ ತನಕ ಬರುವ ಕೆಲಸ ಅಲ್ಲ. ಆದರೆ ಡಿಸ್ಕೇ ಹೋದರೆ ರಿಕವರಿಯೂ ಅದರ ಜೊತೆ ಹೋಯಿತು.

ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿ, ಅವರ ಫೈಲುಗಳನ್ನು ಮೊದಲು ಎಳೆದುಕೊಂಡೆ. ಇಡೀ ರಾತ್ರಿ ಹಿಡಿಯಿತು. ಹಾರ್ಡ್ ಡಿಸ್ಕ್ ಜಾಗಕ್ಕೆ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕಿದೆ. ಇನ್ನು ಪೆನ್‌ಡ್ರೈವ್.

ಇದನ್ನು ಯಾರು ಬೇಕಾದರೂ ಮಾಡಬಹುದು. ಚೆನ್ನಾಗಿರುವ ಇನ್ನೊಂದು ಕಂಪ್ಯೂಟರ್ ಬೇಕು, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಮೈಕ್ರೋಸಾಫ್ಟ್ ಸೈಟಿನಲ್ಲೇ 'ಮೀಡಿಯಾ ಕ್ರಿಯೇಷನ್ ಟೂಲ್' ಪುಕ್ಕಟೆ ಸಿಗುತ್ತದೆ. ಅದೇ ವಿಂಡೋಸ್ ಇಳಿಸಿಕೊಂಡು ಪೆನ್‌ಡ್ರೈವಿಗೆ ಬರೆದುಕೊಡುತ್ತದೆ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದರೆ ತೆಗೆದಿಡಿ. ಡೌನ್‌ಲೋಡ್ ಕೆಲವು ಜಿಬಿ ಆಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಸುಮ್ನೆ ಕೈ ಹಾಕಬೇಡಿ, ವೈಫೈ ಇರುವ ಕಡೆ ಕೂತು ಮಾಡಿ.

ಪೆನ್‌ಡ್ರೈವ್ ಹಚ್ಚಿ, ಪವರ್ ಬಟನ್ ಒತ್ತಿದ ಕೂಡಲೇ ಬೂಟ್ ಮೆನು ಕೀಯನ್ನು ಟಕಟಕ ಒತ್ತುತ್ತಿರಬೇಕು, ಆಗ ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಇನ್ನೊಂದು ಮಾತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ, ಕರೆಂಟ್ ಹೋಗಿ ಬಂದು ಮಾಡುವ ಹೊತ್ತಿನಲ್ಲಿ ಶುರು ಮಾಡಬೇಡಿ. ಯುಪಿಎಸ್ ಇಲ್ಲದಿದ್ದರೆ ಬೆಳಗ್ಗೆ ಬೇಗ ಮಾಡುವುದು ವಾಸಿ.

ಪ್ರಾಡಕ್ಟ್ ಕೀ ಕೇಳುವ ಪರದೆಗೆ ಬಂದಾಗ ಜನ ಹೆದರುತ್ತಾರೆ. ಕೆಳಗೆ ಸಣ್ಣಕ್ಷರದಲ್ಲಿ 'ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ' ಅಂತ ಇರುತ್ತದೆ, ಅದನ್ನು ಒತ್ತಿ ಮುಂದೆ ಹೋಗಿ. ಚಿಪ್‌ನಲ್ಲಿ ಕೀ ಇದ್ದರೆ ಈ ಪರದೆ ಹೆಚ್ಚಾಗಿ ಬರುವುದೇ ಇಲ್ಲ.

ನಿಜವಾಗಿ ಹೆದರಬೇಕಾದದ್ದು ಅದಾದ ಮೇಲೆ ಬರುವ ಇನ್ನೊಂದು ಪರದೆಗೆ, ಡಿಸ್ಕುಗಳ ಪಟ್ಟಿ ತೋರಿಸುವ ಕಡೆ. ಅಲ್ಲಿ ಸಿ ಡ್ರೈವ್, ಡಿ ಡ್ರೈವ್ ಅಂತ ಬರೆದಿರುವುದಿಲ್ಲ. ಡ್ರೈವ್ 0 ಪಾರ್ಟಿಷನ್ 1, ಪಾರ್ಟಿಷನ್ 2 ಅಂತ ಸಾಲು (ಪಾರ್ಟಿಷನ್ ಅಂದರೆ ಡಿಸ್ಕಿನ ಒಂದು ಭಾಗ), ಪಕ್ಕದಲ್ಲಿ ಸೈಜು, ಅಷ್ಟೇ. ಕೆಳಗೆ ಡಿಲೀಟ್ ಬಟನ್. ಅಂಗಡಿ ಹೊಸದಾಗಿ ತೆರೆದಾಗ ಒಂದು ಡೆಸ್ಕ್‌ಟಾಪಿಗೆ ವಿಂಡೋಸ್ ಹಾಕುತ್ತಿದ್ದೆ. ಫೋನಿನಲ್ಲಿ ಮಾತಾಡುತ್ತಾ ಎರಡನೇ ಡಿಸ್ಕನ್ನು ಡಿಲೀಟ್ ಮಾಡಿಬಿಟ್ಟೆ. ಗಿರಾಕಿಯ ಮಗಳ ಜವಳದ ಫೋಟೋಗಳೆಲ್ಲ ಅದರಲ್ಲಿದ್ದವು. ರಿಕವರಿ ಸಾಫ್ಟ್‌ವೇರ್ ಓಡಿಸಿ ಮುಕ್ಕಾಲು ಪಾಲು ವಾಪಸ್ ತಂದೆ, ಕಾಲು ಪಾಲು ಹೋಯಿತು. ಅವರು ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಅವತ್ತಿನಿಂದ ವಿಂಡೋಸ್ ಹಾಕುವ ಡಿಸ್ಕ್ ಒಂದನ್ನು ಬಿಟ್ಟು ಬೇರೆಲ್ಲದರ ಕೇಬಲ್ ಕಿತ್ತು ಪಕ್ಕಕ್ಕಿಟ್ಟ ಮೇಲೇ ಕೆಲಸ ಶುರು ಮಾಡುತ್ತೇನೆ. ನೀವೂ ಹಾಗೇ ಮಾಡಿ.

ಕೆಲವೊಮ್ಮೆ ಆ ಪಟ್ಟಿ ಖಾಲಿ ಬರುತ್ತದೆ. ಡಿಸ್ಕ್ ಹೋಗಿದೆ ಅಂತ ಗಾಬರಿ ಬೇಡ. ಇಂಟೆಲ್‌ನ 11ನೇ ಜನರೇಷನ್ ಮತ್ತು ಅದರ ನಂತರದ ಹಲವು ಲ್ಯಾಪ್‌ಟಾಪುಗಳಿಗೆ ಸ್ಟೋರೇಜ್ ಡ್ರೈವರ್, ಅಂದರೆ ಡಿಸ್ಕನ್ನು ವಿಂಡೋಸ್‌ಗೆ ಗುರುತು ಹಿಡಿಸುವ ಸಾಫ್ಟ್‌ವೇರ್, ಬೇರೆ ಕೊಡಬೇಕು. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಅದನ್ನು ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವಿಗೆ ಹಾಕಿ 'ಲೋಡ್ ಡ್ರೈವರ್' ಒತ್ತಿದರೆ ಡಿಸ್ಕ್ ಕಾಣಿಸುತ್ತದೆ.

ಮಾಸ್ತರರ ಯಂತ್ರ ನೆಟ್ ಕೊಟ್ಟ ಎರಡು ನಿಮಿಷದಲ್ಲಿ ಆಕ್ಟಿವೇಟ್ ಆಯಿತು. ಡಿಸ್ಕ್ ಹೊಸದಾದರೂ ಬೋರ್ಡ್ ಅದೇ ತಾನೇ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಅಂತ ಹುಡುಕಿ ತೋರಿಸಿದೆ. "ಅಂದ್ರ ರೊಕ್ಕ ಕೊಟ್ಟು ಮತ್ತ ತಗೊಳ್ಳೋದು ಬ್ಯಾಡೇನ್ರಿ?" ಅಂತ ಎರಡು ಸಲ ಕೇಳಿದರು.

ಹಾಗೆ ಕೇಳಲು ಕಾರಣ ಇತ್ತು. ಬೇರೊಂದು ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ವಿಂಡೋಸ್ ಪ್ರೋ ಹಾಕಿಕೊಡುತ್ತೇವೆ ಅಂದಿದ್ದರಂತೆ. ಹೀಗೆ ಲೈಸೆನ್ಸ್ ಇಲ್ಲದೆ ಬೀಗ ಮುರಿದು ಹಾಕಿದ, ಅಂದರೆ ಕ್ರ್ಯಾಕ್ ಮಾಡಿದ, ವಿಂಡೋಸ್ ನನ್ನ ಟೇಬಲ್ಲಿಗೆ ಆಗಾಗ ಬರುತ್ತದೆ. ಆಳಂದದ ಟೈಪಿಂಗ್ ಸೆಂಟರಿನ ಯಂತ್ರವೊಂದರಲ್ಲಿ ವೈರಸ್ ತಡೆಯುವ ವಿಂಡೋಸ್ ಡಿಫೆಂಡರನ್ನೇ ಬಂದ್ ಮಾಡಿದ್ದರು, ಕ್ರ್ಯಾಕ್ ಓಡಬೇಕಲ್ಲ. ಜನರ ಆಧಾರ್ ನಕಲು, ಪಹಣಿ ಎಲ್ಲ ಅದರಲ್ಲೇ. ಪಾಪ, ಲ್ಯಾಪ್‌ಟಾಪ್ ಜೊತೆ ಕೊಂಡ ಅಸಲಿ ಹೋಮ್ ಲೈಸೆನ್ಸ್ ಬೋರ್ಡಿನೊಳಗೇ ಮಲಗಿತ್ತು. ಹೋಮ್ ಹಾಕಿದೆ, ಆಕ್ಟಿವೇಟ್ ಆಯಿತು.

ತೀರಾ ಹಳೆಯ ಯಂತ್ರದ ಕತೆ ಬೇರೆ. ವಿಂಡೋಸ್ 7ರ ಕೀ ಕೊಟ್ಟು 10 ಆಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಮುಚ್ಚಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಕೂಡ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇರಬೇಕು, ಹಳೆಯ ಬೋರ್ಡುಗಳಲ್ಲಿ ಅದು ಇಲ್ಲ. ಅಂಥವಕ್ಕೆ ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಬೇರೆ ಸಿಸ್ಟಮ್ ಹಾಕಿಕೊಡುತ್ತೇನೆ. ಪುಕ್ಕಟೆ, ಕೀಯ ಮಾತೇ ಇಲ್ಲ.

ಮೂರನೇ ದಿನ ಮಾಸ್ತರರ ಫೋನ್ ಬಂತು. "ಪ್ರಶ್ನೆಪತ್ರಿಕೆ ಎಲ್ಲಾ ಕೆಟ್ಟು ಹೋಗ್ಯಾವ್ರಿ, ಬರೀ ಇಂಗ್ಲಿಷ್ ಅಕ್ಷರ ಬರಲಿಕತ್ಯಾವ." ಏನೂ ಕೆಟ್ಟಿರಲಿಲ್ಲ. ಅವು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡ ಹೀಗೇ ಕಲಸುಮೇಲೋಗರ ಆಗುತ್ತದೆ. ಲ್ಯಾಪ್‌ಟಾಪನ್ನು ಮತ್ತೆ ಅಂಗಡಿಗೆ ತರಿಸಿ ನುಡಿ ಹಾಕಿದೆ, ಅಕ್ಷರ ಸಾಲಾಗಿ ಬಂದು ಕೂತವು. ವಿಂಡೋಸ್ ಹೊಸದಾಗಿ ಹಾಕಿಸುವಾಗ ನುಡಿ, ಬರಹ ಏನು ಬಳಸುತ್ತೀರೋ ಮೊದಲೇ ಹೇಳಿ. ನಾವು ಕೇಳುವುದನ್ನು ಮರೆಯುತ್ತೇವೆ.

ಹೊರಡುವ ಮುಂಚೆ ಮಾಸ್ತರರು ವಿಂಡೋಸ್ ಹಾಕಿದ ಆ ಪೆನ್‌ಡ್ರೈವನ್ನೇ ಕೊಡಿ, ಬೀರುವಿನಲ್ಲಿ ಜೋಪಾನವಾಗಿ ಇಡುತ್ತೇನೆ ಅಂದರು. "ಬೀರು ಯಾಕ್ರಿ ಸರ್, ವರ್ಷಕ್ಕೊಮ್ಮೆ ಹೊಸಾ ವರ್ಷನ್ ಬರ್ತದ, ಬೇಕಾದಾಗ ಮತ್ತ ಮಾಡಿಕೊಂಡ್ರಾತು" ಅಂದೆ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಸಿ, ಅದರ ತುಂಬ ಪ್ರಶ್ನೆಪತ್ರಿಕೆ ತುಂಬಿಸಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದರು.