ಸಣ್ಣ ಮೋಟಾರ್ ಬೋಟು ಕುಪ್ಪಳಿಸಿದರೆ, ವಾಲಿದರೆ, ಎಳೆದರೆ: ಕಲಿಯುವವರಿಗೆ ಟಿಪ್ಪಣಿ

ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ನಾವು ನಾಲ್ಕು ಜನ ಬೋಟು ನಡೆಸಲು ಕಲಿಯುತ್ತಿದ್ದೇವೆ. ಬೋಟು 14 ಅಡಿಯದು, ಫೈಬರ್. ಹಿಂದೆ 25 ಎಚ್‌ಪಿ ಔಟ್‌ಬೋರ್ಡ್ ಮೋಟಾರ್. ಸ್ಟೇರಿಂಗ್ ಚಕ್ರ ಇಲ್ಲ, ಹಿಂದೆ ಕೂತು ಮೋಟಾರಿನ ಹಿಡಿಕೆಯನ್ನೇ ತಿರುಗಿಸಬೇಕು. ಕಲಿಸುವವರು ಹರಿಗೋಲು ಹಾಕಿ ಬೆಳೆದ ಹಿರಿಯರು, ಎಲ್ಲರೂ ಕಾಕಾ ಅಂತೀವಿ. ಸ್ಟಾರ್ಟ್ ಮಾಡೋದು, ಲೈಫ್ ಜಾಕೆಟ್ ಕಟ್ಟೋದು, ಕಿಲ್ ಸ್ವಿಚ್ (ನಾವು ಬಿದ್ದರೆ ಮೋಟಾರ್ ನಿಲ್ಲಿಸುವ ಸ್ವಿಚ್) ದಾರವನ್ನು ಕೈಗೆ ಸಿಕ್ಕಿಸೋದು ಇದೆಲ್ಲ ನಿಮಗೆ ಗೊತ್ತು, ಬರೆಯಲ್ಲ. ನನಗೆ ಎಡವಟ್ಟಾದದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಕುಪ್ಪಳಿಸುವ ಬೋಟು

ಮೊದಲ ವಾರ ಇದೇ ಕಾಟ. ರೇಸ್ ಕೊಟ್ಟು ವೇಗ ಹಿಡಿದ ಕೂಡಲೇ ಮೂತಿ ಮೇಲೆ ಏಳುತ್ತದೆ, ಧಡ್ ಅಂತ ಬೀಳುತ್ತದೆ, ಮತ್ತೆ ಏಳುತ್ತದೆ. ಅಲೆ ಇಲ್ಲದ ನೀರಿನಲ್ಲೂ ಹೀಗೆ. ಇದಕ್ಕೆ ಪಾರ್ಪಾಯ್ಸಿಂಗ್ ಅನ್ನುತ್ತಾರೆ. ಮೂತಿ ಎದ್ದಾಗ ನೀರಿಗೆ ತಾಗುವ ತಳ ಹಿಂದೆ ಸ್ವಲ್ಪವೇ ಉಳಿಯುತ್ತದೆ. ಅಷ್ಟರ ಮೇಲೆ ಮೂತಿ ನಿಲ್ಲಲ್ಲ, ಬೀಳುತ್ತದೆ. ಬಿದ್ದ ಮೇಲೆ ಎತ್ತುವ ಬಲ ಮತ್ತೆ ಸಿಗುತ್ತದೆ. ಹೀಗೇ ಸುತ್ತು.

ನಾನು ಮೋಟಾರಿನ ಮೇಲೆ ಅನುಮಾನ ಪಟ್ಟೆ. ಕಾಕಾ ಮೋಟಾರ್ ಮುಟ್ಟಲೇ ಇಲ್ಲ. ಪೆಟ್ರೋಲ್ ಟ್ಯಾಂಕನ್ನು ಮುಂದೆ ಸರಿಸಿದರು, ನನ್ನ ಪಕ್ಕ ಕೂತಿದ್ದ ಗೆಳೆಯನನ್ನು ಮುಂದಿನ ಹಲಗೆಗೆ ಕಳಿಸಿದರು. ಅರ್ಧ ಕುಪ್ಪಳಿಕೆ ಅಲ್ಲೇ ನಿಂತಿತು. ಲೆಕ್ಕ ಹಾಕಿದರೆ ಸರಿಯೇ: 50 ಕೆಜಿಗಿಂತ ಜಾಸ್ತಿ ತೂಗುವ ಮೋಟಾರ್, ನಡೆಸುವವನು, 24 ಲೀಟರ್ ಟ್ಯಾಂಕ್ ತುಂಬಿದ್ದರೆ ಸುಮಾರು 18 ಕೆಜಿ ಪೆಟ್ರೋಲ್, ಎಲ್ಲವೂ ಹಿಂದೆಯೇ. ಉಳಿದ ಅರ್ಧ ನಿಲ್ಲಿಸಲು ಟ್ರಿಮ್, ಅಂದರೆ ಮೋಟಾರಿನ ಓರೆ ಹೊಂದಿಸುವುದು, ಬೇಕಾಯಿತು. ನಾನು ಎರಡು ದಿನ ಸಿಕ್ಕಿಬಿದ್ದದ್ದು ಅಲ್ಲೇ.

ಟ್ರಿಮ್: ಒಳಕ್ಕೆ ತಂದರೆ ಮೂತಿ ಕೆಳಗೆ ಯಾಕೆ?

ಮೋಟಾರಿನ ಕಾಲು, ಅಂದರೆ ನೀರಿನಲ್ಲಿರುವ ಭಾಗ, ಬೋಟಿನ ಹಿಂದಿನ ಹಲಗೆಗೆ ಹತ್ತಿರ ಬಂದರೆ ಟ್ರಿಮ್ ಒಳಕ್ಕೆ. ದೂರ ಹೋದರೆ ಹೊರಕ್ಕೆ. ದೊಡ್ಡ ಮೋಟಾರುಗಳಲ್ಲಿ ಬಟನ್ ಇರುತ್ತದೆ. ನಮ್ಮದರಲ್ಲಿ ಒಂದು ಕಬ್ಬಿಣದ ಪಿನ್, ಅದಕ್ಕೆ ಸಾಲಾಗಿ ತೂತುಗಳು. ಯಾವ ತೂತಿಗೆ ಪಿನ್ ಹಾಕಿದ್ದೀರೋ ಅಲ್ಲಿಗೆ ಕಾಲು ಒರಗಿ ನಿಲ್ಲುತ್ತದೆ.

ಪುಸ್ತಕ ಹೇಳುವುದು: ಒಳಕ್ಕೆ ತಂದರೆ ಮೂತಿ ಇಳಿಯುತ್ತದೆ, ಹೊರಕ್ಕೆ ತಳ್ಳಿದರೆ ಏಳುತ್ತದೆ. ನನ್ನ ತಲೆ ಇದಕ್ಕೆ ಉಲ್ಟಾ ಹೇಳುತ್ತಿತ್ತು. ಕಾಲು ಹೊರಕ್ಕೆ ಹೋದಾಗ ಸ್ವಲ್ಪ ಮೇಲೂ ಏಳುತ್ತದೆ ಅಲ್ವಾ? ಹಾಗಾದರೆ ಬೋಟಿನ ಹಿಂಭಾಗವೂ ಎದ್ದು ಮೂತಿ ಇಳಿಯಬೇಕಲ್ಲ? ಅದೇ ಗುಂಗಿನಲ್ಲಿ ಕುಪ್ಪಳಿಸುವ ಬೋಟಿಗೆ ಪಿನ್ನನ್ನು ಇನ್ನೂ ಹೊರಗಿನ ತೂತಿಗೆ ಹಾಕಿದೆ. ಮೂತಿ ಆಕಾಶ ನೋಡಿತು.

ನನ್ನ ತಪ್ಪು ಏನೆಂದರೆ, ಮೋಟಾರ್ ಎಲ್ಲಿಗೆ ಹೋಯಿತು ಅಂತ ನೋಡುತ್ತಿದ್ದೆ. ನೋಡಬೇಕಾದದ್ದು ಪ್ರೊಪೆಲ್ಲರ್ ನೀರನ್ನು ಎತ್ತ ಎಸೆಯುತ್ತಿದೆ ಅನ್ನುವುದನ್ನು. ಹರಿಗೋಲಿನ ಹುಟ್ಟು ನೆನೆಸಿಕೊಳ್ಳಿ. ನೀರನ್ನು ಎತ್ತ ತಳ್ಳುತ್ತೀವೋ ಅದರ ಎದುರು ದಿಕ್ಕಿಗೆ ಹರಿಗೋಲು ಹೋಗುತ್ತದೆ. ಕಾಲು ಒಳಕ್ಕೆ ಬಂದಾಗ ಪ್ರೊಪೆಲ್ಲರಿನ ಬೆನ್ನು ಸ್ವಲ್ಪ ಕೆಳಗೆ ನೋಡುತ್ತದೆ. ನೀರು ಹಿಂದಕ್ಕೆ ಮತ್ತು ಕೆಳಕ್ಕೆ ಹೋಗುತ್ತದೆ. ಆದ್ದರಿಂದ ಬೋಟಿಗೆ ಮುಂದಕ್ಕೆ ಮತ್ತು ಮೇಲಕ್ಕೆ ನೂಕು. ಆದರೆ ಈ ನೂಕು ಬೀಳುವುದು ಎಲ್ಲಿ? ಬೋಟಿನ ಹಿಂದಿನ ತುದಿಗೆ. ಹಿಂದಿನ ತುದಿ ಎದ್ದರೆ ಮುಂದಿನ ತುದಿ ಇಳಿಯಲೇಬೇಕು. ಹೊರಕ್ಕೆ ತಳ್ಳಿದಾಗ ಇದೇ ತಿರುಗುಮುರುಗು: ನೀರು ಹಿಂದಕ್ಕೆ ಮತ್ತು ಮೇಲಕ್ಕೆ, ಹಿಂಭಾಗಕ್ಕೆ ಕೆಳಮುಖ ಒತ್ತು, ಮೂತಿ ಮೇಲೆ.

ನಾನು ಇನ್ನೂ ತಲೆ ಕೆರೆಯುತ್ತಿದ್ದಾಗ ಕಾಕಾ ಕೇಳಿದರು, "ಬಂಡಿಗೆ ಹಿಂದ ಭಾರ ಹೇರಿದ್ರ ನೊಗ ಏನಾಕ್ಕೈತೋ ತಮ್ಮಾ?" ಮೇಲೆ ಏಳುತ್ತದೆ. "ಮತ್ತ ಹಿಂದ ಎತ್ತಿದ್ರ?" ಎತ್ತಿನ ಹೆಗಲ ಮೇಲೆ ಕೂರುತ್ತದೆ. ಅಷ್ಟೇ. ಮೂತಿ ಅಂದರೆ ನೊಗ.

ನೀರಿನ ಮೇಲೆ ಇಷ್ಟೆಲ್ಲ ಯೋಚಿಸಲು ಟೈಮ್ ಇರಲ್ಲ. ನನ್ನ ಸೂತ್ರ: ಹೊರ–ಹಾರು, ಒಳ–ಇಳಿ. ದೋಣಿ ಹತ್ತುವ ಮೊದಲು ಒಂದು ಸಲ ಬಾಯಲ್ಲಿ ಹೇಳಿಕೊಳ್ಳುತ್ತೇನೆ. ನಗುವವರು ನಗಲಿ.

ಪಿನ್ ಬದಲಿಸುವಾಗ ಮೋಟಾರ್ ಆಫ್ ಇರಬೇಕು. ಒಂದು ಸಲಕ್ಕೆ ಒಂದೇ ತೂತು ಬದಲಿಸಿ, ಓಡಿಸಿ ನೋಡಿ. ಮೂತಿ ಎಲ್ಲಿದೆ ಅಂತ ಹಿಂದೆ ಕೂತವನಿಗೆ ಗೊತ್ತಾಗಲ್ಲ, ಅದಕ್ಕೆ ಪಕ್ಕದಿಂದ ಹಾರುವ ನೀರನ್ನು ನೋಡಿ. ನೀರು ಮೂತಿಯ ಹತ್ತಿರವೇ ಸಿಡಿಯುತ್ತಿದ್ದರೆ ಮೂತಿ ಕೆಳಗಿದೆ. ನಿಮ್ಮ ಹತ್ತಿರ ಸಿಡಿಯುತ್ತಿದ್ದರೆ ಮೂತಿ ಮೇಲಿದೆ.

ಹಾಗಂತ ಪೂರ್ತಿ ಒಳಕ್ಕೆ ಹಾಕಿ ಬಿಡುವುದೂ ತಪ್ಪು. ಮೂತಿ ನೀರನ್ನು ಉಳಲು ಶುರು ಮಾಡಿದರೆ ಮೂತಿಯೇ ದಾರಿ ಹೇಳುತ್ತದೆ, ನಮ್ಮ ಮಾತು ಕೇಳಲ್ಲ. ಆಷಾಢದ ಗಾಳಿ ಬೆನ್ನಿಗಿದ್ದಾಗ ಇದು ಅಪಾಯ. ಹಿಂದಿನಿಂದ ಬಂದ ಅಲೆ ಎತ್ತಿದ ಕೂಡಲೇ ಮೂತಿ ಹೂತು, ಬೋಟು ಅಡ್ಡ ತಿರುಗುತ್ತದೆ. ಗಾಳಿ ಎದುರಿಗಿದ್ದರೆ ಮಾತ್ರ ಮೂತಿ ಸ್ವಲ್ಪ ಕೆಳಗಿದ್ದರೆ ಒಳ್ಳೆಯದು, ಬಡಿತ ಕಡಿಮೆ.

ಮೋಟಾರ್ ಕಿರುಚುತ್ತದೆ, ಬೋಟು ಹೋಗಲ್ಲ

ತಿರುವಿನಲ್ಲಿ ಮಾತ್ರ ಹೀಗಾದರೆ ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತಿದೆ. ರೇಸ್ ತಗ್ಗಿಸಿದರೆ ಮತ್ತೆ ನೀರು ಹಿಡಿಯುತ್ತದೆ. ಪ್ರೊಪೆಲ್ಲರ್ ಮೇಲಿರುವ ಚಪ್ಪಟೆ ತಟ್ಟೆ ಬೋಟಿನ ತಳದ ಮಟ್ಟಕ್ಕೆ, ಅಥವಾ ಹೆಚ್ಚೆಂದರೆ ಒಂದು ಇಂಚು ಮೇಲೆ ಇರಬೇಕು. ನಮ್ಮದು ಎರಡು ಇಂಚು ಮೇಲಿತ್ತು. ಆ ತಟ್ಟೆಗೆ ಎಲ್ಲರೂ ಕ್ಯಾವಿಟೇಶನ್ ಪ್ಲೇಟ್ ಅಂತಾರೆ, ಆದರೆ ಅದು ತಡೆಯುವುದು ಗಾಳಿಯನ್ನು. ಕ್ಯಾವಿಟೇಶನ್ ಬೇರೆ: ಪ್ರೊಪೆಲ್ಲರ್ ರೆಕ್ಕೆಯ ಬೆನ್ನಿನಲ್ಲಿ ಒತ್ತಡ ತೀರಾ ಇಳಿದು, ಬಿಸಿಯಿಲ್ಲದೆಯೇ ನೀರು ಕುದ್ದು ಗುಳ್ಳೆಯಾಗುವುದು. ಆ ಗುಳ್ಳೆ ಒಡೆದು ರೆಕ್ಕೆಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ.

ನೇರ ಹೋಗುವಾಗಲೂ ಕಿರುಚಿದರೆ ಮೊದಲು ಕಾಲು ಎತ್ತಿ ನೋಡಿ. ಹರಿದ ಮೀನಿನ ಬಲೆ, ಪ್ಲಾಸ್ಟಿಕ್ ಚೀಲ ಸುತ್ತಿರಬಹುದು. ಏನೂ ಇಲ್ಲ ಅಂದರೆ ಪ್ರೊಪೆಲ್ಲರ್ ಒಳಗಿನ ರಬ್ಬರ್ ಬುಷ್ ಜಾರುತ್ತಿರಬೇಕು. ಒಳಗಿನ ಹಬ್ (ನಡುವಿನ ಕೊಳವೆ) ಮತ್ತು ಹೊರಗಿನ ಭಾಗ ಎರಡಕ್ಕೂ ಸೇರಿಸಿ ಮಾರ್ಕರ್‌ನಿಂದ ಒಂದು ಗೆರೆ ಎಳೆದು, ಓಡಿಸಿ ಬನ್ನಿ. ಗೆರೆ ತುಂಡಾಗಿ ಸರಿದಿದ್ದರೆ ಜಾರುತ್ತಿದೆ.

ಒಂದು ಕಡೆಗೆ ಎಳೆತ

ಪ್ರೊಪೆಲ್ಲರ್ ಮೇಲಿನ ಆ ತಟ್ಟೆಯ ಕೆಳಗೆ ಸಣ್ಣ ರೆಕ್ಕೆ ಇದೆ, ಟ್ರಿಮ್ ಟ್ಯಾಬ್. ಬೋಟು ಬಲಕ್ಕೆ ಎಳೆದರೆ ಅದರ ಹಿಂದಿನ ತುದಿಯನ್ನು ಬಲಕ್ಕೇ ತಿರುಗಿಸಿ ಬಿಗಿ ಮಾಡಿ. ಎಡಕ್ಕಾದರೆ ಎಡಕ್ಕೆ. ಹೆಸರಲ್ಲಿ ಟ್ರಿಮ್ ಇದ್ದರೂ ಮೇಲೆ ಹೇಳಿದ ಟ್ರಿಮ್ಮಿಗೂ ಇದಕ್ಕೂ ಗಂಟು ಹಾಕಬೇಡಿ.

ಸುಮ್ನೆ ನಿಂತಾಗಲೂ ವಾಲಿದರೆ

ತಳದ ನೀರು ನೋಡಿ. 1.2 ಮೀಟರ್ ಅಗಲ, 3 ಮೀಟರ್ ಉದ್ದದ ತಳದಲ್ಲಿ ಬರೀ 3 ಸೆಂಟಿಮೀಟರ್ ನೀರಿದ್ದರೆ 108 ಲೀಟರ್. ಅಂದರೆ 108 ಕೆಜಿ. ಗಂಗಾವತಿ ಸೋನಾ ಮಸೂರಿಯ 50 ಕೆಜಿ ಮೂಟೆ ಎರಡಕ್ಕಿಂತ ಜಾಸ್ತಿ. ಆದರೆ ಮೂಟೆ ಇಟ್ಟಲ್ಲೇ ಇರುತ್ತದೆ, ನೀರು ಇರಲ್ಲ. ಬೋಟು ಬಲಕ್ಕೆ ವಾಲಿದರೆ ನೀರೂ ಬಲಕ್ಕೆ ಓಡಿ ಇನ್ನಷ್ಟು ವಾಲಿಸುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತೀವಲ್ಲ, ತುಳುಕಲು ಜಾಗ ಇದ್ದರೇ ಕಷ್ಟ. ಅಗಲ ಜಾಸ್ತಿಯಾದಷ್ಟೂ ಕೆಟ್ಟದ್ದು: ನೀರು ಹರಡಿದ ಅಗಲ ಎರಡು ಪಟ್ಟಾದರೆ ಈ ಕಾಟ ಎಂಟು ಪಟ್ಟು. ಪರಾತದಲ್ಲಿ ನೀರು ಹೊತ್ತು ನಡೆದವರಿಗೆ ಇದು ಗೊತ್ತು.

ವಾಲಿದ ಬೋಟು ಚಟ್ಟನೆ ನೇರವಾಗಬೇಕು. ನಿಧಾನಕ್ಕೆ, ಯೋಚಿಸುತ್ತಾ ಎದ್ದರೆ ಒಳಗೆ ನೀರಿದೆ, ಇಲ್ಲವೇ ಯಾರೋ ಎದ್ದು ನಿಂತಿದ್ದಾರೆ. ತಳದ ಹಲಗೆಯ ಕೆಳಗೂ ನೋಡಿ. ದಡಕ್ಕೆ ಎಳೆದು ಮೂತಿ ಎತ್ತರಕ್ಕಿಟ್ಟು ಹಿಂದಿನ ಬಿರಡೆ ಬಿಚ್ಚಿದಾಗ ನಮ್ಮ ಬೋಟಿನಿಂದ ಕಾಲು ಗಂಟೆ ನೀರು ಸುರಿಯಿತು. ದಿನಾ ಅಷ್ಟನ್ನು ಹೊತ್ತು ಓಡಾಡುತ್ತಿದ್ದೆವು.

ದಡಕ್ಕೆ ಬರುವಾಗ

ರೇಸ್ ಒಮ್ಮೆಲೇ ಬಿಡಬೇಡಿ. ಪ್ರೊಪೆಲ್ಲರ್ ನೂಕದಿದ್ದರೆ ಔಟ್‌ಬೋರ್ಡಿನಲ್ಲಿ ಹಿಡಿಕೆ ತಿರುಗಿಸಿದರೂ ಬೋಟು ಸರಿಯಾಗಿ ತಿರುಗಲ್ಲ. ಜೊತೆಗೆ ನಾವೇ ಎಬ್ಬಿಸಿದ ಅಲೆ ಹಿಂದಿನಿಂದ ಓಡಿಬಂದು ಹಿಂದಿನ ಹಲಗೆ ಹಾರಿ ಒಳಗೆ ಬರುತ್ತದೆ. ನನ್ನ ಹಳೆಯ ಟಿಪ್ಪಣಿ ಪುಸ್ತಕ ಹಾಗೇ ತೊಯ್ದದ್ದು. ಇದು ಎರಡನೇ ಪ್ರತಿ.