ಸಾಂಬಿಜಾಂಗ: ಮರಿಯಾ ಯಾಕೆ ನಡೆಯುತ್ತಲೇ ಇರುತ್ತಾಳೆ?

ಪ್ರಶ್ನೆ: ಜೈಲು, ಚಿತ್ರಹಿಂಸೆಯ ಕಥೆ ಅಂತ ‘ಸಾಂಬಿಜಾಂಗ’ ನೋಡಲು ಕೂತೆ. ನೋಡಿದರೆ ಹೆಂಡತಿ ನಡೆಯುವುದೇ ಜಾಸ್ತಿ. ಇಷ್ಟು ನಿಧಾನ ಯಾಕೆ?

ಉತ್ತರ: ಈ ದೂರು ಹಲವರದು. ಮೊದಲ ಸಲ ನನಗೂ ಹಾಗೇ ಅನಿಸಿತ್ತು.

ಸಾರಾ ಮಾಲ್ಡೊರೋರ್ 1972ರಲ್ಲಿ ಮಾಡಿದ ಸಿನಿಮಾ ಇದು. ಕಥೆ ನಡೆಯುವುದು 1961ರ ಹೊತ್ತಿನ ಆಫ್ರಿಕಾದ ಅಂಗೋಲಾದಲ್ಲಿ. ಆಳುತ್ತಿದ್ದವರು ಪೋರ್ಚುಗೀಸರು. ಕಾರವಾರದಾಚೆಯ ಗೋವಾ ಕೂಡ ಆ ವರ್ಷದ ಡಿಸೆಂಬರ್‌ವರೆಗೆ ಅವರ ಕೈಯಲ್ಲೇ ಇತ್ತು. ಅವರ ಗುಪ್ತ ಪೊಲೀಸರ ಹೆಸರು ಪಿಡೆ. ನಾವು ಪೀಡೆ ಅಂದರೂ ತಪ್ಪಿಲ್ಲ ಬಿಡಿ.

ಗುಟ್ಟಾಗಿ ಸ್ವಾತಂತ್ರ್ಯ ಹೋರಾಟದಲ್ಲಿದ್ದ ಕೂಲಿ ಕೆಲಸದ ದೊಮಿಂಗೋಸ್‌ನನ್ನು ಇವರು ಎಳೆದೊಯ್ಯುತ್ತಾರೆ. ಕೋರ್ಟಿಲ್ಲ, ವಿಚಾರಣೆಯಿಲ್ಲ. ಹೆಂಡತಿ ಮರಿಯಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹುಡುಕಲು ಹೊರಡುತ್ತಾಳೆ. ‘ಇಲ್ಲಿಲ್ಲ, ಅಲ್ಲಿ ಕೇಳು.’ ಅಲ್ಲಿ ಹೋದರೆ ಮತ್ತೊಂದು ಕಡೆ ಕೈ ತೋರಿಸುತ್ತಾರೆ. ಕೊನೆಗೆ ರಾಜಧಾನಿ ಲುವಾಂಡಾವರೆಗೂ ಹೋಗುತ್ತಾಳೆ.

ಜೈಲಿನ ಸಿನಿಮಾ ಅಂದರೆ ನಾವು ಲಾಠಿ, ಸರಳು, ಕತ್ತಲೆ ಕೋಣೆ ಎದುರುನೋಡುತ್ತೇವೆ. ಅದೂ ಇಲ್ಲಿದೆ. ಆದರೆ ಹಿಡಿದವನನ್ನು ಎಲ್ಲಿಟ್ಟಿದ್ದೇವೆ ಅಂತ ಹೇಳದಿರುವುದೂ ಶಿಕ್ಷೆಯೇ ಅಲ್ವಾ? ಅದು ಬೀಳುವುದು ಮನೆಯವರ ಮೇಲೆ. ಒಳಗೆ ಪೊಲೀಸರು ಅವನ ಬಾಯಿಂದ ಜೊತೆಗಾರನ ಹೆಸರು ಹೊರಡಿಸಲು ಬಡಿಯುತ್ತಾರೆ, ಅವನು ಹೇಳುವುದಿಲ್ಲ. ಹೊರಗೆ ಅವಳು ಅವನ ಹೆಸರು ಹೇಳುತ್ತಲೇ ಇರುತ್ತಾಳೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆ ನಡಿಗೆಯನ್ನು ಎರಡು ನಿಮಿಷಕ್ಕೆ ಕತ್ತರಿಸಿದ್ದರೆ ನಮಗೆ ಸುದ್ದಿ ಗೊತ್ತಾಗುತ್ತಿತ್ತು, ಕಾಲು ನೋಯುತ್ತಿರಲಿಲ್ಲ.

ಅಂಗೋಲಾಕ್ಕೆ ಸ್ವಾತಂತ್ರ್ಯ ಬಂದದ್ದು 1975ರಲ್ಲಿ. ಹಾಗಾಗಿ ಅಲ್ಲಿ ಶೂಟಿಂಗ್ ಆಗುವ ಮಾತೇ ಇರಲಿಲ್ಲ. ಪಕ್ಕದ ಕಾಂಗೋ ಬ್ರಾಝಾವಿಲ್‌ನಲ್ಲಿ ಮಾಡಿದರು. ಮೂಲ ಕಥೆ ಬರೆದ ಲುವಾಂಡಿನೊ ವಿಯೇರಾ ಕೂಡ ಇದೇ ಸರ್ಕಾರದ ಜೈಲಿನಲ್ಲಿ ವರ್ಷಗಟ್ಟಲೆ ಕಳೆದವರು.

ನಿಧಾನ ಸಹಿಸಲು ಆಗದಿದ್ದರೆ ಮೊದಲು ಮಾಲ್ಡೊರೋರ್ ಅವರ ಕಿರುಚಿತ್ರ ‘ಮೊನಾಂಗಾಂಬೆ’ ನೋಡಿ. ಅದಕ್ಕೂ ವಿಯೇರಾ ಕಥೆಯೇ ಆಧಾರ. ಅದರಲ್ಲಿ ಕೈದಿಯ ಹೆಂಡತಿ ‘ಕಂಪ್ಲೀಟು’ ತರುತ್ತೇನೆ ಎನ್ನುತ್ತಾಳೆ. ಅಲ್ಲಿನ ಜನರಿಗೆ ಅದು ಮೀನಿನ ಊಟ. ಪೋರ್ಚುಗೀಸರ ಕಿವಿಗೆ ಅದು ಪೂರ್ತಿ ಸೂಟು. ಸೂಟಿನಲ್ಲಿ ಗುಟ್ಟಿನ ಚೀಟಿ ಬರುತ್ತದೆ ಅಂದುಕೊಂಡು ಅವನನ್ನು ಹೊಡೆಯುತ್ತಾರೆ. ಅವಳು ಹೇಳಿದ್ದು ಸುಮ್ನೆ ಊಟದ ವಿಷಯ.